ಮೆಡಿಕಲ್ ಕಾಲೇಜಿನ ಆನ್‌ಲೈನ್ ಇಂಟರ್ವ್ಯೂ: ನೆಟ್‌ವರ್ಕ್ ಸರಿಯಿಲ್ಲದ ಕಡೆ ಯಾವ ವಿಧಾನ ಸರಿ?

ನಮ್ಮ ವಿಭಾಗದ ಹಳೇ ಅಂಕಪಟ್ಟಿಯೊಂದರಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ‘ಉತ್ತರ ಕೊಡಲು ತಡವರಿಸುತ್ತಾರೆ’ ಎಂದು ಬರೆದಿದೆ. ಬರೆದವನು ನಾನೇ. 2021ರ ಮಳೆಗಾಲ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ ಆನ್‌ಲೈನ್ ಇಂಟರ್ವ್ಯೂ. ಅವರು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ತಗಡಿನ ಸೂರಿನ ಕೆಳಗೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಪ್ರಶ್ನೆ ಕೇಳುವುದು, ಎರಡು ಸೆಕೆಂಡ್ ಮೌನ, ಆಮೇಲೆ ಉತ್ತರ. ಪ್ರತಿ ಸಲವೂ ಹೀಗೇ.

ಅಂಕ ಕೂಡಿಸುವ ದಿನ ಯಾಕೋ ಅನುಮಾನ ಬಂದು ರೆಕಾರ್ಡಿಂಗ್ ಮತ್ತೆ ನೋಡಿದೆ. ಶುರುವಿನಲ್ಲಿ ‘ನನ್ನ ಧ್ವನಿ ಕೇಳಿಸ್ತಿದೆಯಾ?’ ಎಂದು ಕೇಳಿದ್ದೆ. ‘ಹೌದು ಸರ್’ ಬಂದಿದ್ದು ಅದೇ ಎರಡು ಸೆಕೆಂಡ್ ಬಿಟ್ಟು. ಹೌದು ಅನ್ನೋಕೆ ಯಾರಾದರೂ ಯೋಚನೆ ಮಾಡ್ತಾರಾ? ತಡವರಿಸಿದ್ದು ಅವರಲ್ಲ, ನೆಟ್‌ವರ್ಕ್.

ಇದು ನನ್ನೊಬ್ಬನ ದಡ್ಡತನವೂ ಅಲ್ಲ. ಜರ್ಮನಿಯ ಸಂಶೋಧಕರು 2014ರಲ್ಲಿ ಇದನ್ನೇ ಪರೀಕ್ಷಿಸಿ ತೋರಿಸಿದ್ದಾರೆ. ಕರೆಯಲ್ಲಿ ಧ್ವನಿ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ತಡವಾದರೂ ಸಾಕು, ಆ ಕಡೆಯವರಿಗೆ ಗಮನ ಕಡಿಮೆ, ಸ್ನೇಹ ಕಡಿಮೆ ಅಂತ ನಮಗೆ ಅನ್ನಿಸುತ್ತದೆ. ತಪ್ಪು ಲೈನಿನದು, ಕೆಟ್ಟ ಹೆಸರು ಮನುಷ್ಯನಿಗೆ.

ಹಾಗಾಗಿ ಇಂಟರ್ವ್ಯೂ ವಿಧಾನಗಳ ಈ ಹೋಲಿಕೆಯಲ್ಲಿ ಯಾವ ಆ್ಯಪ್ ಚೆನ್ನಾಗಿದೆ ಅನ್ನುವುದು ನನಗೆ ಎರಡನೇ ಪ್ರಶ್ನೆ. ಮೊದಲನೆಯದು, ಲೈನ್ ಕೆಟ್ಟಾಗ ಅದರ ನಷ್ಟ ಯಾರ ತಲೆಗೆ ಬೀಳುತ್ತದೆ ಅನ್ನುವುದು.

ಇದು ಯಾರಿಗೆ ಬೇಕು?

ನಮ್ಮಲ್ಲಿ ಎಂಬಿಬಿಎಸ್ ಸೀಟಿಗೆ ಇಂಟರ್ವ್ಯೂ ಎಲ್ಲಿದೆ ಅಂತ ನೀವು ಕೇಳಬಹುದು. ಸರಿಯೇ. ನೀಟ್ ಬಂದ ಮೇಲೆ ಅದು ಹೆಚ್ಚುಕಡಿಮೆ ಹೋಯಿತು. ಹಿಂದೆ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಪ್ರವೇಶ ಪರೀಕ್ಷೆಯ ಜತೆ ಇಂಟರ್ವ್ಯೂ ಇತ್ತು. ವೆಲ್ಲೂರಿನ ಸಿಎಂಸಿಯಲ್ಲಂತೂ ಆಯ್ಕೆಯಾದವರನ್ನು ಕರೆಸಿಕೊಂಡು ಕೆಲವು ದಿನ ಬೇರೆ ಬೇರೆ ಪರೀಕ್ಷೆ, ಮಾತುಕತೆ ನಡೆಸುತ್ತಿದ್ದರು. ಆ ಪದ್ಧತಿ ಬಿಡಲು ಮನಸ್ಸಿಲ್ಲದೆ 2017ರಲ್ಲಿ ಸಿಎಂಸಿ ನೂರು ಎಂಬಿಬಿಎಸ್ ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದದ್ದನ್ನು ಖಾಲಿ ಬಿಟ್ಟಿತ್ತು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೀಟ್ ಎಲ್ಲರಿಗೂ ಅನ್ವಯ ಎಂದ ಮೇಲೆ ಆ ಮಾತು ಮುಗಿಯಿತು. ಈಗ ನೀಟ್ ಆದ ಮೇಲೂ ಇಂಟರ್ವ್ಯೂಗೆ ಕರೆಯುವುದು ಪುಣೆಯ ಎಎಫ್‌ಎಂಸಿ. ಅದು ಸೇನೆಯ ಕಾಲೇಜು, ಅದರ ಲೆಕ್ಕವೇ ಬೇರೆ.

ಆದರೆ ಮೆಡಿಕಲ್ ಕಾಲೇಜಿನ ಒಳಗೆ ಇಂಟರ್ವ್ಯೂ ನಿಂತಿಲ್ಲ. ಸಾರ್ವಜನಿಕ ಆರೋಗ್ಯದ ಕೋರ್ಸು, ಫೆಲೋಶಿಪ್, ಪಿಎಚ್‌.ಡಿ ಎಲ್ಲದಕ್ಕೂ ಇದೆ. ಯುಜಿಸಿಯ 2022ರ ಪಿಎಚ್‌.ಡಿ ನಿಯಮದ ಪ್ರಕಾರ ವಿವಿಗಳು ತಾವೇ ಪ್ರವೇಶ ಪರೀಕ್ಷೆ ಮಾಡಿದರೆ ಅದಕ್ಕೆ 70, ಇಂಟರ್ವ್ಯೂಗೆ 30. ಮೂವತ್ತು ಅಂಕ ಅಂದರೆ ಸುಮ್ನೆ ಅಲ್ಲ. ಇನ್ನು ಪಕ್ಕದ ದೇಶಗಳಲ್ಲಿ ಎಂಬಿಬಿಎಸ್ ಸೀಟಿಗೇ ಇಂಟರ್ವ್ಯೂ ಮಾಡಿದ ಕಾಲೇಜುಗಳಿವೆ. ಕರಾಚಿಯ ಆಗಾ ಖಾನ್ ವಿವಿ ಒಂದು. ನೇಪಾಳದ ಲಲಿತಪುರದ ಪಾಟನ್ ಆರೋಗ್ಯ ವಿಜ್ಞಾನ ಅಕಾಡೆಮಿ ಇನ್ನೊಂದು. ಹಳ್ಳಿಗೆ ಹೋಗಿ ಕೆಲಸ ಮಾಡುವ ಡಾಕ್ಟರುಗಳು ಬೇಕೆಂದೇ ಪಾಟನ್ ತನ್ನ ಆಯ್ಕೆಯಲ್ಲಿ ಇಂಟರ್ವ್ಯೂಗೆ ದೊಡ್ಡ ಜಾಗ ಕೊಟ್ಟಿತ್ತು. ಹಳ್ಳಿಯವರೇ ಬೇಕು ಅಂದ ಮೇಲೆ ಹಳ್ಳಿಯ ನೆಟ್‌ವರ್ಕ್ ಕೂಡ ನಿಮ್ಮ ತಲೆನೋವೇ ಅಲ್ವಾ?

ಮೊದಲು, ಕಾಲೇಜಿಗೇ ಕರೆಸುವುದು

ಆನ್‌ಲೈನ್ ಬೇಕೇ ಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ. ಎದುರಾಎದುರು ಕೂತು ಮಾತಾಡುವುದಕ್ಕೆ ಸಮ ಯಾವುದೂ ಇಲ್ಲ. ಆದರೆ ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿ.ಮೀ. ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ. ಹುಡುಗಿಯಾದರೆ ಜತೆಗೆ ಅಪ್ಪನೋ ಅಣ್ಣನೋ ಬರಲೇಬೇಕು. ಇಬ್ಬರ ಟಿಕೆಟ್, ಲಾಡ್ಜು, ಊಟ, ಮೇಲೆ ಅಪ್ಪನ ಎರಡು ಮೂರು ದಿನದ ಕೂಲಿ. ಇಪ್ಪತ್ತು ನಿಮಿಷದ ಮಾತಿಗೆ ಇಷ್ಟು. ಈ ಖರ್ಚಿಗೆ ಹೆದರಿ ಅರ್ಜಿಯನ್ನೇ ಹಾಕದವರು ನಮ್ಮ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ನಿಮ್ಮ ಅಭ್ಯರ್ಥಿಗಳೆಲ್ಲ ಅದೇ ಜಿಲ್ಲೆಯವರಾದರೆ ಕರೆಸಿಬಿಡಿ, ಮುಂದೆ ಓದುವುದೇ ಬೇಡ.

ಪ್ಯಾನೆಲ್ಲೋ, ಸ್ಟೇಷನ್ನೋ?

ನಮಗೆಲ್ಲ ಗೊತ್ತಿರುವುದು ಪ್ಯಾನೆಲ್. ಮೂವರು ದೊಡ್ಡವರು ಕೂತಿರುತ್ತಾರೆ, ಅಭ್ಯರ್ಥಿ ಒಬ್ಬರು. ‘ನಿಮ್ಮ ಬಗ್ಗೆ ಹೇಳಿ’ಯಿಂದ ಶುರು. ಆನ್‌ಲೈನಿಗೆ ತರುವುದೂ ಸುಲಭ. ಒಂದು ಲಿಂಕ್, ಸರದಿಯಂತೆ ಒಳಗೆ ಬಿಡುವುದು, ಅಷ್ಟೇ.

ಇದರ ದೋಷ ಹಳೆಯದು. ಮೊದಲ ಎರಡು ನಿಮಿಷದಲ್ಲಿ ಮೂಡಿದ ಅಭಿಪ್ರಾಯ ಕೊನೆಯವರೆಗೂ ಅಳಿಯುವುದಿಲ್ಲ. ಜತೆಗೆ ಮೂವರಲ್ಲಿ ಹಿರಿಯರು ಹುಬ್ಬು ಗಂಟಿಕ್ಕಿದರೆ ಉಳಿದಿಬ್ಬರ ಪೆನ್ನೂ ಅತ್ತ ವಾಲುತ್ತದೆ. ಆನ್‌ಲೈನಿನಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಟವರ್ ಕೈಕೊಟ್ಟರೆ ಅಭ್ಯರ್ಥಿಯ ಇಡೀ ಇಂಟರ್ವ್ಯೂ ಮುಳುಗಿತು. ಒಂದೇ ಬುಟ್ಟಿ, ಎಲ್ಲ ಮೊಟ್ಟೆ.

ಇನ್ನೊಂದು ಎಂಎಂಐ, ಅಂದರೆ ಪುಟ್ಟ ಪುಟ್ಟ ಸಂದರ್ಶನಗಳ ಸರಣಿ. ಕೆನಡಾದ ಹ್ಯಾಮಿಲ್ಟನ್ ಊರಿನ ಮೆಕ್‌ಮಾಸ್ಟರ್ ವಿವಿಯಲ್ಲಿ ಹುಟ್ಟಿದ್ದು, 2004ರಲ್ಲಿ ಲೇಖನವಾಗಿ ಹೊರಬಂದಿತು. ಮೆಡಿಕಲ್ ಮೇಷ್ಟ್ರುಗಳಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಇದರ ಮೂಲ ನಾವು ಪರೀಕ್ಷೆಯಲ್ಲಿ ಬಳಸುವ ಆಸ್ಕಿ, ಅಂದರೆ ವಿದ್ಯಾರ್ಥಿ ಮೇಜಿನಿಂದ ಮೇಜಿಗೆ ಹೋಗಿ ಒಂದೊಂದು ಕಡೆ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ. ಅದನ್ನು 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜತೆಗಾರರು ಪ್ರಕಟಿಸಿದರು. ಎಂಎಂಐಯಲ್ಲಿ ಎಂಟೋ ಹತ್ತೋ ಸ್ಟೇಷನ್, ಒಂದೊಂದೂ ಒಂದು ಪುಟ್ಟ ಸಂದರ್ಶನ. ಪ್ರತಿಯೊಂದಕ್ಕೂ ಎರಡು ನಿಮಿಷ ಓದು, ಎಂಟು ನಿಮಿಷ ಮಾತು. ಪ್ರತಿ ಸ್ಟೇಷನ್ನಿಗೂ ಬೇರೆ ಪರೀಕ್ಷಕರು, ಬೇರೆ ಸನ್ನಿವೇಶ. ಒಂದು ಕಡೆ ಎಡವಿದರೂ ಮುಂದಿನದ್ದು ಹೊಸ ಶುರು.

ಕೆಟ್ಟ ನೆಟ್‌ವರ್ಕಿಗೆ ಈ ಗುಣವೇ ವರ. ಐದು ಸ್ಟೇಷನ್ನಿನಲ್ಲಿ ಒಂದು ಲೈನ್ ಕಟ್ಟಾಗಿ ಹಾಳಾದರೆ ಹೋಗುವುದು ಐದರಲ್ಲೊಂದು ಪಾಲು, ಅದನ್ನೂ ಆಮೇಲೆ ಮತ್ತೆ ಮಾಡಬಹುದು.

‘ಅಷ್ಟೊಂದು ಪರೀಕ್ಷಕರು ನಮ್ಮಲ್ಲಿ ಎಲ್ಲಿದ್ದಾರೆ ಸಾರ್’ ಅನ್ನುವವರು ಲೆಕ್ಕ ಹಾಕಿ ನೋಡಿ. ಅರವತ್ತು ಅಭ್ಯರ್ಥಿಗಳು ಅಂದುಕೊಳ್ಳೋಣ. ಪ್ಯಾನೆಲ್ ಆದರೆ ತಲಾ 20 ನಿಮಿಷ, ನಡುವೆ 5 ನಿಮಿಷ. ಒಟ್ಟು 25 ಗಂಟೆ. ಮೂವರು ಕೂರಬೇಕು, ಅಂದರೆ 75 ಮೇಷ್ಟ್ರು-ಗಂಟೆ. ಎಂಎಂಐಯಲ್ಲಿ ಐದು ಸ್ಟೇಷನ್, ತಲಾ 7 ನಿಮಿಷ, ನಡುವೆ 3 ನಿಮಿಷ. ಒಂದು ಸುತ್ತಿಗೆ 50 ನಿಮಿಷ, ಒಂದು ಸುತ್ತಲ್ಲಿ ಐದು ಜನ. ಹನ್ನೆರಡು ಸುತ್ತು, 10 ಗಂಟೆ, ಐವರು ಪರೀಕ್ಷಕರು. 50 ಮೇಷ್ಟ್ರು-ಗಂಟೆ. ಎರಡು ದಿನದಲ್ಲಿ ಮುಗಿಯುತ್ತದೆ. ಅಗ್ಗ ಯಾವುದು? ಕಷ್ಟ ಇರುವುದು ಸಂಖ್ಯೆಯಲ್ಲಲ್ಲ, ಐದು ಜನರನ್ನು ಒಂದೇ ಹೊತ್ತಿಗೆ ಓಪಿಡಿಯಿಂದ ಬಿಡಿಸಿಕೊಂಡು ಬರುವುದರಲ್ಲಿ.

ಸ್ಟೇಷನ್ನಿಗೆ ಇಬ್ಬರು ಪರೀಕ್ಷಕರನ್ನು ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಇರುವ ಜನರನ್ನು ಹೆಚ್ಚು ಸ್ಟೇಷನ್ನಿಗೆ ಹರಡಿದರೇ ಅಂಕ ಹೆಚ್ಚು ನಂಬಿಕೆಗೆ ಅರ್ಹ ಅನ್ನುವುದು ಎಂಎಂಐ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಒಂದು ಸಣ್ಣ ವಿಷಯ, ಆದರೆ ನಾವು ಪೆಟ್ಟು ತಿಂದು ಕಲಿತದ್ದು. ಕಾಲೇಜಿನಲ್ಲಿ ಆಸ್ಕಿ ಮಾಡುವಾಗ ಗಂಟೆ ಹೊಡೆದರೆ ವಿದ್ಯಾರ್ಥಿ ಮುಂದಿನ ಮೇಜಿಗೆ ಹೋಗುತ್ತಾರೆ. ಆನ್‌ಲೈನಿನಲ್ಲೂ ಮೊದಲ ವರ್ಷ ಹಾಗೇ ಮಾಡಿದೆವು, ಅಭ್ಯರ್ಥಿಯನ್ನು ಒಂದು ಬ್ರೇಕ್‌ಔಟ್ ರೂಮಿನಿಂದ (ಒಂದೇ ಆನ್‌ಲೈನ್ ಮೀಟಿಂಗಿನೊಳಗಿನ ಬೇರೆ ಕೋಣೆ) ಇನ್ನೊಂದಕ್ಕೆ ಕಳಿಸಿದೆವು. ದುರ್ಬಲ ಲೈನಿನವರಿಗೆ ರೂಮು ಬದಲಿಸುವಾಗಲೇ ಕನೆಕ್ಷನ್ ಹೋಗುತ್ತಿತ್ತು. ಕೆಲವರು ರೂಮು ಸೇರುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತಿತ್ತು. ಮರುವರ್ಷ ತಿರುಗಿಸಿದೆವು. ಅಭ್ಯರ್ಥಿ ಕೂತಲ್ಲೇ ಕೂತಿರಲಿ, ಪರೀಕ್ಷಕರು ರೂಮಿನಿಂದ ರೂಮಿಗೆ ಓಡಾಡಲಿ. ಕಾಲೇಜಿನ ಕೇಬಲ್ ಲೈನ್ ಗಟ್ಟಿ, ಅದು ತಡೆಯುತ್ತದೆ. ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಎಲ್ಲ ಸ್ಟೇಷನ್ನೂ ಪರದೆಗೆ ಒಗ್ಗುವುದಿಲ್ಲ. ಇಬ್ಬರು ಸೇರಿ ಏನನ್ನೋ ಕಟ್ಟುವುದು, ಕೈಯಲ್ಲಿ ಮಾಡಿ ತೋರಿಸುವುದು ಬಿಟ್ಟುಬಿಡಿ. ನಟನೆಯದ್ದೂ ಕಷ್ಟ. ಇನ್ನೊಂದು ಮಾತು ಯಾರೂ ಬರೆದಿಟ್ಟಿರುವುದಿಲ್ಲ. ಅಭ್ಯರ್ಥಿ ಮಾತಾಡುತ್ತಿರುವುದು ಮನೆಯ ನಡುಮನೆಯಲ್ಲಿ. ಪಕ್ಕದಲ್ಲಿ ಅಜ್ಜಿ ಇದ್ದಾರೆ, ಬಾಗಿಲಲ್ಲಿ ಅಪ್ಪ. ಮದುವೆಯಾದವರಾದರೆ ಅತ್ತೆ. ‘ಗಂಡ ಹೊಡೆಯುತ್ತಾನೆ ಎಂದು ರೋಗಿ ಹೇಳಿದರೆ ಏನು ಮಾಡುತ್ತೀರಿ’, ‘ಹದಿನಾರರ ಹುಡುಗಿ ಗರ್ಭಿಣಿಯಾಗಿ ಬಂದರೆ’ ಎಂಬಂಥ ಸನ್ನಿವೇಶ ಒಳ್ಳೆಯದೇ. ಆದರೆ ಆ ಮನೆಯಲ್ಲಿ ಕೂತು ಅದಕ್ಕೆ ಮನಸ್ಸು ಬಿಚ್ಚಿ ಉತ್ತರಿಸೋಕೆ ಆಗುತ್ತಾ? ಧ್ವನಿ ತಗ್ಗಿಸಿ ಒಂದೇ ಮಾತಲ್ಲಿ ಮುಗಿಸುತ್ತಾರೆ, ನಾವು ‘ಆತ್ಮವಿಶ್ವಾಸ ಕಡಿಮೆ’ ಅಂತ ಬರೆಯುತ್ತೇವೆ. ಜೋರಾಗಿ ಹೇಳಿದರೂ ಮನೆಯಲ್ಲಿ ಜಗಳವಾಗದ ಸನ್ನಿವೇಶಗಳನ್ನು ಆರಿಸಿ. ಬಸ್ಸಿನಲ್ಲಿ ಒಬ್ಬರು ಕುಸಿದು ಬಿದ್ದರು, ಲಸಿಕೆ ಬೇಡ ಎನ್ನುವ ಪಕ್ಕದ ಮನೆಯವರು, ಸಹಪಾಠಿ ಕಾಪಿ ಹೊಡೆದದ್ದು ಕಂಡಿತು, ಹೀಗೆ.

ಪ್ರಶ್ನೆ ಸೋರುತ್ತದೆ ಅನ್ನುವ ಭಯಕ್ಕೆ ಒಂದೇ ಮಾತು. ಮೆಕ್‌ಮಾಸ್ಟರ್‌ನವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆ ಮೊದಲೇ ಗೊತ್ತಾದವರಿಗೆ ಹೇಳಿಕೊಳ್ಳುವಷ್ಟು ಅಂಕ ಹೆಚ್ಚಿಗೆ ಬಂದಿರಲಿಲ್ಲ.

ರೆಕಾರ್ಡ್ ಮಾಡಿ ಕಳಿಸಿ ಅನ್ನುವುದು

ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಅಭ್ಯರ್ಥಿ ಉತ್ತರ ರೆಕಾರ್ಡ್ ಮಾಡಿ ಕಳಿಸುತ್ತಾರೆ, ನಾವು ಬಿಡುವಾದಾಗ ನೋಡುತ್ತೇವೆ. ಬಡ ಕಾಲೇಜಿಗೆ ಇದೇ ಸರಿ ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ, ತುರ್ತು ಚಿಕಿತ್ಸೆಯ ರೆಸಿಡೆನ್ಸಿಗೆ (ಡಾಕ್ಟರಾದ ಮೇಲಿನ ತರಬೇತಿ) 2017ರಿಂದ ಇಂಥದ್ದೊಂದನ್ನು ನಡೆಸಿತ್ತು. ಆರು ಪ್ರಶ್ನೆ, ಪ್ರತಿಯೊಂದಕ್ಕೂ 30 ಸೆಕೆಂಡ್ ಯೋಚನೆ, 3 ನಿಮಿಷದವರೆಗೆ ಉತ್ತರ. 2020ರಲ್ಲಿ ನಿಲ್ಲಿಸಿಬಿಟ್ಟರು. ಅದೇ ವರ್ಷ ಕೋವಿಡ್‌ನಿಂದಾಗಿ ಎಲ್ಲ ಇಂಟರ್ವ್ಯೂಗಳನ್ನೂ ಆನ್‌ಲೈನ್ ಮಾಡಿ ಎಂದು ಸಲಹೆ ಕೊಟ್ಟಾಗ, ಕಾಲೇಜು ಪ್ರವೇಶಕ್ಕೆ ಇಂಥದ್ದೇ ಇನ್ನೊಂದನ್ನು ಕೊಟ್ಟರು. ಅದೂ ಹೆಚ್ಚು ದಿನ ಬಾಳಲಿಲ್ಲ. ದುಡ್ಡಿರುವವರೇ ಕೈಬಿಟ್ಟಿದ್ದಾರೆ.

ನಮ್ಮ ಕಡೆ ಇದರ ತೊಂದರೆ ಇನ್ನೂ ಬೇರೆ. ಫೋನಿನ ಕ್ಯಾಮೆರಾದಲ್ಲಿ 1080ಪಿ ವಿಡಿಯೋ ತೆಗೆದರೆ ಫೋನಿಗೆ ತಕ್ಕಂತೆ ನಿಮಿಷಕ್ಕೆ 60ರಿಂದ 130 ಎಂಬಿ ಆಗುತ್ತದೆ. ಎರಡೆರಡು ನಿಮಿಷದ ಐದು ಉತ್ತರ ಅಂದರೆ ಹೆಚ್ಚುಕಡಿಮೆ ಒಂದು ಜಿಬಿ, ಅದೂ ಅಪ್‌ಲೋಡ್. ಹಳ್ಳಿಯ ನೆಟ್‌ವರ್ಕಿನಲ್ಲಿ ಡೌನ್‌ಲೋಡ್ ಹೇಗೋ ನಡೆಯುತ್ತದೆ, ಅಪ್‌ಲೋಡ್ ಕುಂಟುತ್ತದೆ. 480ಪಿಗೆ ಇಳಿಸಿಕೊಳ್ಳಿ ಅಂತ ಸೂಚನೆ ಕೊಟ್ಟರೆ ಆ ಸೆಟ್ಟಿಂಗ್ ಎಲ್ಲಿದೆ ಅಂತ ಇಪ್ಪತ್ತು ಫೋನ್ ಬರುತ್ತದೆ. ಮೇಲಾಗಿ ಮರುಪ್ರಶ್ನೆ ಕೇಳುವಂತಿಲ್ಲ, ಬರೆದಿಟ್ಟುಕೊಂಡು ಓದಿದರೂ ಗೊತ್ತಾಗುವುದಿಲ್ಲ. ಜೀವವಿಲ್ಲದ ಫೋನಿನ ಮುಂದೆ ಒಬ್ಬರೇ ಮಾತಾಡುವುದು ಪೇಟೆಯ ಮಕ್ಕಳಿಗೆ ಅಭ್ಯಾಸವಿದೆ, ಉಳಿದವರಿಗೆ ಇಲ್ಲ. ನಮ್ಮ ಸಮಯವೂ ಉಳಿಯಲ್ಲ. ಹತ್ತು ನಿಮಿಷದ ವಿಡಿಯೋವನ್ನು ಇಬ್ಬರು ನೋಡಿದರೆ ಅರವತ್ತು ಜನಕ್ಕೆ 20 ಗಂಟೆ.

ಒಂದು ಅನುಕೂಲ ಮಾತ್ರ ನಿಜ. ಸಮಯ ಅಭ್ಯರ್ಥಿಯ ಕೈಯಲ್ಲಿ. ಮನೆ ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ರೆಕಾರ್ಡ್ ಮಾಡಿ, ಬೆಳಗ್ಗೆ ಗುಡ್ಡ ಹತ್ತಿ ಕಳಿಸಬಹುದು. 2020ರಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಸಿಗುವ ಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡು ಕ್ಲಾಸ್ ಕೇಳಿದ್ದು ನೆನಪಿರಬೇಕಲ್ಲ. ಅಂಥ ಊರುಗಳಿಗೆ ಇದನ್ನು ಮೊದಲ ಸೋಸುವಿಕೆಗೆ ಬಳಸಿ, ಅಂತಿಮ ಅಂಕಕ್ಕೆ ಬೇಡ.

ಬರೀ ಫೋನ್ ಕಾಲ್

ಇದನ್ನು ಹೇಳಿದರೆ ಮೀಟಿಂಗಿನಲ್ಲಿ ನಗುತ್ತಾರೆ. ‘ಮುಖ ನೋಡದೆ ಹೇಗೆ ಸಾರ್?’ ನಾನು ಕೇಳುವುದು, ಮುಖದಲ್ಲಿ ಏನು ನೋಡುತ್ತೀರಿ? ಅಂಕಪಟ್ಟಿಯಲ್ಲಿ ಮುಖಕ್ಕೆ ಕಾಲಮ್ ಇದೆಯಾ? ವಿಡಿಯೋದಲ್ಲಿ ಕಾಣುವುದು ಬಣ್ಣ ಬಿಟ್ಟ ಗೋಡೆ, ಹಿಂದೆ ಒಣಗಿಸಿದ ಬಟ್ಟೆ, ಕೊರಳಲ್ಲಿ ಏನಿದೆ, ಹಣೆಯಲ್ಲಿ ಏನಿದೆ. ಇವೆಲ್ಲ ನಮಗೆ ಬೇಡದ ವಿಷಯ, ಆದರೆ ನೋಡಿದ ಮೇಲೆ ಮರೆಯುವುದು ಕಷ್ಟ.

ಡೇಟಾದ ಲೆಕ್ಕವನ್ನೂ ನೋಡಿ. ಝೂಮ್ ತಾನೇ ಹೇಳುವ ಪ್ರಕಾರ ಇಬ್ಬರ ನಡುವಿನ ಒಳ್ಳೆಯ ಗುಣಮಟ್ಟದ ವಿಡಿಯೋಗೆ ಹೋಗಲು 600, ಬರಲು 600 ಕೆಬಿಪಿಎಸ್ ಬೇಕು. ಗಂಟೆಗೆ ಸುಮಾರು 540 ಎಂಬಿ. ಐವತ್ತು ನಿಮಿಷದ ಸುತ್ತಿಗೆ 450 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಮೂರರಲ್ಲೊಂದು ಪಾಲು ಹೋಯಿತು, ಅದೂ ಮನೆಗೆಲ್ಲ ಅದೊಂದೇ ಫೋನ್ ಆಗಿರುವಾಗ. ವಿಡಿಯೋ ಆಫ್ ಮಾಡಿ ಬರೀ ಧ್ವನಿ ಇಟ್ಟರೆ 60ರಿಂದ 80 ಕೆಬಿಪಿಎಸ್ ಸಾಕು, ಗಂಟೆಗೆ ಹೆಚ್ಚೆಂದರೆ 72 ಎಂಬಿ. ಮಾಮೂಲಿ ಫೋನ್ ಕಾಲ್ ಆದರೆ ಅದೂ ಬೇಡ. ನಮ್ಮ ಪ್ಯಾಕುಗಳಲ್ಲಿ ಕಾಲ್ ಹೇಗೂ ಅನ್‌ಲಿಮಿಟೆಡ್, ಕೀಪ್ಯಾಡ್ ಫೋನಲ್ಲೂ ನಡೆಯುತ್ತದೆ.

ತೊಂದರೆ ಎರಡು. ಮಾತಾಡುತ್ತಿರುವುದು ಅವರೇನಾ ಅಂತ ಗೊತ್ತಾಗಲ್ಲ, ಪಕ್ಕದಲ್ಲಿ ಯಾರಾದರೂ ಹೇಳಿಕೊಡುತ್ತಿದ್ದಾರಾ ಅದೂ ಗೊತ್ತಾಗಲ್ಲ. ನಾವು ಕಂಡುಕೊಂಡ ಮಧ್ಯದ ದಾರಿ ಹೀಗಿದೆ. ಶುರುವಿನಲ್ಲಿ ಒಂದು ನಿಮಿಷ ವಿಡಿಯೋ, ಹಾಲ್ ಟಿಕೆಟ್ಟಿನ ಫೋಟೋ ಜತೆ ಮುಖ ಹೋಲಿಸಿ ನೋಡುವುದು. ಆಮೇಲೆ ಎಲ್ಲರದ್ದೂ ವಿಡಿಯೋ ಆಫ್. ಲೈನ್ ಚೆನ್ನಾಗಿರುವವರದ್ದೂ ಆಫ್. ಕೆಲವರಿಗೆ ಮುಖ, ಕೆಲವರಿಗೆ ಬರೀ ಧ್ವನಿ ಅಂತಾದರೆ ಅಂಕದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನ ಇದನ್ನು ಇನ್ನೂ ಒಪ್ಪಿಲ್ಲ. ರೋಗಿಯ ಜತೆ ಮಾತಾಡುವವರ ಕಣ್ಣು ನೋಡಬೇಕು ಅನ್ನುತ್ತಾರೆ. ಆ ಮಾತಲ್ಲೂ ಹುರುಳಿದೆ. ಆದರೆ ಫೋನ್ ಕ್ಯಾಮೆರಾದಲ್ಲಿ ಕಣ್ಣಿಗೆ ಕಣ್ಣು ಕೊಡುವುದು ಯಾರಿಂದಲೂ ಆಗದ ಕೆಲಸ. ಪರದೆ ನೋಡಿದರೆ ಕ್ಯಾಮೆರಾ ತಪ್ಪುತ್ತದೆ, ಕ್ಯಾಮೆರಾ ನೋಡಿದರೆ ಪರದೆ ತಪ್ಪುತ್ತದೆ.

ಹತ್ತಿರದ ಊರಿನ ಕೇಂದ್ರ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಇದು, ಯಾರೂ ಯೋಚಿಸದೇ ಇರುವುದೂ ಇದೇ. ಅಭ್ಯರ್ಥಿ ಮನೆಯಲ್ಲೂ ಬೇಡ, ಬೆಂಗಳೂರಿಗೂ ಬೇಡ. ಜಿಲ್ಲಾ ಕೇಂದ್ರದ ಒಂದು ಕೋಣೆಗೆ ಬರಲಿ. ಬೀದರ್, ರಾಯಚೂರು, ಕಾರವಾರ, ಚಾಮರಾಜನಗರ ಎಲ್ಲ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲೊಂದು ಕೋಣೆ, ಕೇಬಲ್ ಲೈನಿನ ಕಂಪ್ಯೂಟರ್, ಯುಪಿಎಸ್, ಬಾಗಿಲಲ್ಲಿ ಒಬ್ಬರು ಸಿಬ್ಬಂದಿ. ಗುರುತಿನ ಪರಿಶೀಲನೆ ಅಲ್ಲೇ ಆಗುತ್ತದೆ, ಹೇಳಿಕೊಡುವವರು ಇರುವುದಿಲ್ಲ, ಅಜ್ಜಿ ಕೇಳಿಸಿಕೊಳ್ಳುವುದಿಲ್ಲ. ಮೊದಲು ಹೇಳಿದ ಆ ಸೂಕ್ಷ್ಮ ಸನ್ನಿವೇಶಗಳನ್ನೂ ಇಲ್ಲಿ ಕೇಳಬಹುದು. ಬೆಳಗ್ಗೆ ಬಸ್ ಹತ್ತಿದರೆ ಸಂಜೆ ಮನೆಗೆ.

ಕಷ್ಟ ಇರುವುದು ಪತ್ರವ್ಯವಹಾರದಲ್ಲಿ. ಒಂದು ಕೋಣೆ ಎರಡು ದಿನಕ್ಕೆ ಬೇಕು ಅಂತ ಇನ್ನೊಂದು ಸಂಸ್ಥೆಗೆ ಬರೆದು, ಅದು ಮೇಜಿನಿಂದ ಮೇಜಿಗೆ ಹೋಗಿ, ಅನುಮತಿ ಬರುವಷ್ಟರಲ್ಲಿ ಇಂಟರ್ವ್ಯೂ ಮುಗಿದಿರುತ್ತದೆ. ಎರಡು ತಿಂಗಳು ಮುಂಚೆ ಬರೆಯಿರಿ. ಆಗಲಿಲ್ಲವೆಂದರೆ ಗುರುತಿರುವ ಪಿಯು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಭಾನುವಾರ ಖಾಲಿ ಇರುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಅಂದರೆ ಅರಿವು ಕೇಂದ್ರಗಳೂ ಇವೆ. ಆದರೆ ಒಂದೊಂದು ಊರಿನದ್ದು ಒಂದೊಂದು ಸ್ಥಿತಿ, ಹೋಗಿ ನೋಡದೆ ನಂಬಬೇಡಿ.

ಯಾವ ಆ್ಯಪ್?

ಬೇಗ ಹೇಳಿ ಮುಗಿಸುತ್ತೇನೆ. ಝೂಮ್‌ನಲ್ಲಿ ಬ್ರೇಕ್‌ಔಟ್ ರೂಮ್ ಚೆನ್ನಾಗಿದೆ, ಆದರೆ ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ಐವತ್ತು ನಿಮಿಷದ ಸುತ್ತಿಗೆ ಅದು ಸಾಲದು. ಒಂದೇ ತಿಂಗಳಿಗೆ ಒಂದು ಖಾತೆ ಕೊಳ್ಳಿ, ಸಾಕು. ಗೂಗಲ್ ಮೀಟ್ ಪುಕ್ಕಟೆಯಲ್ಲಿ ಮೂವರು ಅಥವಾ ಹೆಚ್ಚಿದ್ದರೆ 60 ನಿಮಿಷ, ಬ್ರೇಕ್‌ಔಟ್ ಬೇಕೆಂದರೆ ದುಡ್ಡಿನ ಖಾತೆ. ಆದರೆ ಮೀಟ್‌ನಲ್ಲಿ ಬ್ರೇಕ್‌ಔಟ್ ಇಲ್ಲದೆಯೂ ಕೆಲಸ ಮಾಡಬಹುದು. ಪ್ರತಿ ಅಭ್ಯರ್ಥಿಗೆ ಒಂದು ಲಿಂಕ್, ಪರೀಕ್ಷಕರ ಕೈಯಲ್ಲಿ ಲಿಂಕುಗಳ ಪಟ್ಟಿ, ಗಂಟೆ ಹೊಡೆದಾಗ ಮುಂದಿನ ಲಿಂಕ್. ಆಂಡ್ರಾಯ್ಡ್ ಫೋನ್ ಇದ್ದವರಿಗೆ ಜಿಮೇಲ್ ಹೇಗೂ ಇರುತ್ತದೆ.

ಜಿಟ್ಸಿ ಪುಕ್ಕಟೆ, ಮುಕ್ತ ತಂತ್ರಾಂಶ. 2023ರ ಆಗಸ್ಟ್‌ನಿಂದ ಅವರದೇ ಸೈಟಿನಲ್ಲಿ ರೂಮು ತೆರೆಯುವವರು ಲಾಗಿನ್ ಆಗಬೇಕು. ನಿಮ್ಮದೇ ಸರ್ವರ್‌ನಲ್ಲಿ ಹಾಕುವ ಯೋಚನೆ ಇದ್ದರೆ, ಅದು ಕೆಟ್ಟ ದಿನ ರಿಪೇರಿ ಮಾಡುವ ಹುಡುಗ ಊರಲ್ಲಿ ಇರುತ್ತಾನಾ ಅಂತ ಮೊದಲು ಕೇಳಿ. ವಾಟ್ಸ್ಆ್ಯಪ್ ಕೆಟ್ಟ ಲೈನಿನಲ್ಲೂ ಎಳೆದಾಡಿಕೊಂಡು ನಡೆಯುತ್ತದೆ, ಎಲ್ಲರಿಗೂ ಗೊತ್ತು. ಆದರೆ ಪರೀಕ್ಷಕರ ಸ್ವಂತ ನಂಬರ್ ಅರವತ್ತು ಮನೆಗಳಿಗೆ ಹೋಗುತ್ತದೆ. ಆಮೇಲೆ ‘ಸರ್, ನಮ್ಮ ಹುಡುಗನದ್ದು ಏನಾಯ್ತು’ ಎಂಬ ಕರೆಗಳು ದೀಪಾವಳಿವರೆಗೂ ಬರುತ್ತವೆ. ವಿಭಾಗದ ಹೆಸರಲ್ಲಿ ಒಂದು ಸಿಮ್ ತೆಗೆದುಕೊಳ್ಳಿ.

ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಬರೆಸಿಕೊಳ್ಳಿ. 2023ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ 18 ತುಂಬದವರು ಮಕ್ಕಳೇ, ಅವರ ಪರವಾಗಿ ತಂದೆ ತಾಯಿಯ ಒಪ್ಪಿಗೆ ಬೇಕು. ಎಂಬಿಬಿಎಸ್ ಸೇರುವವರಲ್ಲಿ ಹದಿನೇಳರವರೂ ಇರುತ್ತಾರೆ. ಆಧಾರ್ ಕಾರ್ಡನ್ನು ಕ್ಯಾಮೆರಾಗೆ ಹಿಡಿಸಿ ರೆಕಾರ್ಡ್ ಮಾಡುವ ಚಟ ಬಿಡಿ.

ಕರೆಂಟು

ದಕ್ಷಿಣ ಆಫ್ರಿಕಾದ ವಿದ್ಯುತ್ ಕಂಪನಿಯ ಹೆಸರು ಎಸ್ಕಾಮ್. ನಮ್ಮ ಬೆಸ್ಕಾಂ, ಜೆಸ್ಕಾಂ, ಹೆಸ್ಕಾಂಗಳನ್ನೂ ಒಟ್ಟಾಗಿ ಎಸ್ಕಾಂಗಳು ಅನ್ನುತ್ತೇವೆ. ಹೆಸರು ಒಂದೇ, ಅನುಭವವೂ ಹತ್ತಿರ ಹತ್ತಿರ. ಅಲ್ಲಿ 2023ರಲ್ಲಿ ಲೋಡ್ ಶೆಡ್ಡಿಂಗ್ ವಿಪರೀತವಾಗಿದ್ದಾಗಲೂ ಒಂದು ಅನುಕೂಲವಿತ್ತು. ಯಾವ ಪ್ರದೇಶಕ್ಕೆ ಯಾವ ಹೊತ್ತು ಕರೆಂಟ್ ಇಲ್ಲ ಅನ್ನುವ ವೇಳಾಪಟ್ಟಿ ಮೊದಲೇ ಫೋನಿಗೆ ಬರುತ್ತಿತ್ತು, ಅದನ್ನು ನೋಡಿ ಜನ ಮೀಟಿಂಗ್ ಇಟ್ಟುಕೊಳ್ಳುತ್ತಿದ್ದರು. ನಮ್ಮಲ್ಲೂ ದುರಸ್ತಿಗೆ ಕರೆಂಟ್ ತೆಗೆಯುವ ಊರುಗಳ ಪಟ್ಟಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಸಾಮಾನ್ಯವಾಗಿ ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ. ಹಾಗಾಗಿ ದೂರದ ಹಳ್ಳಿಯವರಿಗೆ ಬೆಳಗ್ಗೆ 8ರಿಂದ 10ರ ಸುತ್ತು ಕೊಡಿ. ಊರಲ್ಲಿ ಇನ್ನೂ ಯಾರೂ ರೀಲ್ಸ್ ನೋಡಲು ಕೂತಿರುವುದಿಲ್ಲ, ಟವರ್ ಕೂಡ ಹಗುರ.

ಕಾಲೇಜಿನ ಕಡೆ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಇರುತ್ತದೆ, ಗೋಡೆಯ ಮೇಲಿನ ವೈಫೈ ಡಬ್ಬಿಗೆ ಇರುವುದಿಲ್ಲ. ಕರೆಂಟ್ ಹೋದಾಗ ಐದು ಪರದೆ ಜಗಮಗ ಉರಿಯುತ್ತಿರುತ್ತವೆ, ಇಂಟರ್ನೆಟ್ ಮಾತ್ರ ಇಲ್ಲ. ರೌಟರಿಗೆ ಪುಟ್ಟ ಯುಪಿಎಸ್ ಒಂದೆರಡು ಸಾವಿರಕ್ಕೆ ಸಿಗುತ್ತದೆ.

ಲೈನ್ ಕಟ್ಟಾದಾಗ

ಯಾವ ವಿಧಾನ ಆರಿಸಿದರೂ ಈ ನಿಯಮಗಳನ್ನು ಮೊದಲೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಭ್ಯರ್ಥಿಗೆ ಕಳಿಸಿ. ನಮ್ಮದು ಹೀಗಿದೆ. ಲೈನ್ ಹೋದರೆ ಅಭ್ಯರ್ಥಿ ಏನೂ ಮಾಡಬೇಕಿಲ್ಲ, ಒಂದು ನಿಮಿಷದೊಳಗೆ ನಾವೇ ಫೋನ್ ಮಾಡುತ್ತೇವೆ. ಉಳಿದ ಮಾತು ಫೋನಿನಲ್ಲೇ ಮುಂದುವರಿಯುತ್ತದೆ, ಅದಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೋದರೆ ಆ ಸ್ಟೇಷನ್ ಸುತ್ತಿನ ಕೊನೆಗೆ ಮತ್ತೆ, ಬೇರೆ ಸನ್ನಿವೇಶದೊಂದಿಗೆ. ಅದೂ ಆಗದಿದ್ದರೆ ಮೀಸಲಿಟ್ಟ ಮೂರನೇ ದಿನ ಇದೆ.

ಅಂಕಪಟ್ಟಿಯಲ್ಲಿ ‘ಲೈನ್ ತೊಂದರೆ, ಎಷ್ಟು ನಿಮಿಷ’ ಅನ್ನುವ ಕಾಲಮ್ ಸೇರಿಸಿದ್ದೇವೆ. ಶುರುವಿನಲ್ಲಿ ‘ಕೇಳಿಸ್ತಿದೆಯಾ’ ಎಂದು ಕೇಳಿ, ಉತ್ತರ ಬರಲು ಎಷ್ಟು ಸೆಕೆಂಡ್ ಹಿಡಿಯಿತು ಅಂತಲೂ ಬರೆಯಬೇಕು. ಆ ಸಂಖ್ಯೆ ಕಣ್ಣ ಮುಂದಿದ್ದರೆ ‘ತಡವರಿಸುತ್ತಾರೆ’ ಅಂತ ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ.

ಹಿಂದಿನ ದಿನ ಎಲ್ಲರಿಗೂ ಐದು ನಿಮಿಷದ ಟ್ರಯಲ್ ಕಾಲ್ ಮಾಡಿ. ಯಾರಿಗೆ ವಿಡಿಯೋ ನಡೆಯಲ್ಲ, ಯಾರ ಫೋನ್ ಹತ್ತು ನಿಮಿಷಕ್ಕೆ ಕಾದು ಬಿಸಿಯಾಗುತ್ತದೆ, ಯಾರಿಗೆ ಬೇರೆಯವರ ಫೋನ್ ಬೇಕು, ಎಲ್ಲ ಆಗಲೇ ಗೊತ್ತಾಗುತ್ತದೆ. ಬರುವ ಕಾಲ್‌ಗಳನ್ನು ನಿಲ್ಲಿಸುವ ಸೆಟ್ಟಿಂಗ್ ಹಾಕಿಸಿ, ನಮ್ಮ ನಂಬರನ್ನು ಮಾತ್ರ ಅದರಲ್ಲಿ ಬಿಡಿಸಿ. ಇಲ್ಲದಿದ್ದರೆ ಲೈನ್ ಹೋದಾಗ ನಮ್ಮ ಫೋನೂ ಸೇರುವುದಿಲ್ಲ. ಒಬ್ಬ ಹುಡುಗ ಲಸಿಕೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡುತ್ತಿರುವಾಗ ಪರ್ಸನಲ್ ಲೋನ್ ಬೇಕಾ ಅಂತ ಕಾಲ್ ಬಂದು ಮೀಟಿಂಗಿನಿಂದ ಹೊರಗೆ ಬಿದ್ದಿದ್ದ.

ಹಾಗಾದರೆ ಯಾರಿಗೆ ಯಾವುದು?

ಇಪ್ಪತ್ತಕ್ಕಿಂತ ಕಡಿಮೆ ಅಭ್ಯರ್ಥಿಗಳು, ಪಿಎಚ್‌.ಡಿಯಂಥ ಕೋರ್ಸು, ವಿಷಯದ ಆಳ ನೋಡಬೇಕು ಅಂದರೆ ಪ್ಯಾನೆಲ್ಲೇ ಇರಲಿ. ಆದರೆ ಇಪ್ಪತ್ತು ನಿಮಿಷದ ಒಂದರ ಬದಲು ಹತ್ತು ನಿಮಿಷದ ಎರಡು, ಬೇರೆ ಬೇರೆ ದಿನ, ಬೇರೆ ಬೇರೆ ಜನ. ಮೂವತ್ತರಿಂದ ನೂರರವರೆಗೆ ಇದ್ದರೆ ಐದು ಸ್ಟೇಷನ್, ವಿಡಿಯೋ ಆಫ್, ಪರೀಕ್ಷಕರ ಓಡಾಟ. ಜಿಲ್ಲಾ ಕೇಂದ್ರದಲ್ಲಿ ಕೋಣೆ ಸಿಕ್ಕರೆ ವಿಡಿಯೋ ಆನ್ ಮಾಡಿ, ಎಂಟು ಸ್ಟೇಷನ್ನಿಗೂ ಏರಿಸಬಹುದು. ನೂರಾರು ಜನ, ಪರೀಕ್ಷಕರು ಐವರೇ ಅಂತಾದರೆ ಇಂಟರ್ವ್ಯೂನಿಂದ ಸೋಸಲು ಹೋಗಬೇಡಿ, ಅಂಕಪಟ್ಟಿ ಮತ್ತು ಬರವಣಿಗೆಯಿಂದ ಪಟ್ಟಿ ಇಳಿಸಿಕೊಂಡು ಆಮೇಲೆ ಕರೆಯಿರಿ. ಮನೆಯಿಂದ ಮಾತಾಡುವವರು ಕೆಲವರು, ಕೇಂದ್ರಕ್ಕೆ ಬರುವವರು ಕೆಲವರು ಎಂದಾದರೆ ಎರಡೂ ಗುಂಪಿಗೆ ಅದೇ ಸನ್ನಿವೇಶ, ಅದೇ ಪರೀಕ್ಷಕರು, ಎಲ್ಲರದ್ದೂ ವಿಡಿಯೋ ಆಫ್.

ರಾಯಚೂರಿನ ಆ ಹುಡುಗಿಗೆ ಮರುದಿನ ಫೋನಿನಲ್ಲಿ ಮತ್ತೆ ಇಂಟರ್ವ್ಯೂ ಮಾಡಿದೆವು. ಈ ಸಲ ಅವರ ಉತ್ತರ ಎಷ್ಟು ಬೇಗ ಬರುತ್ತಿತ್ತೆಂದರೆ, ನನ್ನ ಪ್ರಶ್ನೆ ಮುಗಿಯುವ ಮೊದಲೇ ಶುರುವಾಗುತ್ತಿತ್ತು. ‘ಸ್ವಲ್ಪ ನಿಧಾನ’ ಅಂತ ನಾನೇ ಹೇಳಬೇಕಾಯಿತು.